ಗುಂಟೂರಿನ ಯೋಚನೆ, ಕೋಲಾರದ ಸೀಮೆ

ಕಥೋಲಿಕ ವಿಶ್ವವಿದ್ಯಾಲಯಗಳ ಚರಿತ್ರೆ ಬರೆಯುವವರು ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಮೊದಲು ಹುಡುಕುವುದು ಒಂದು ಇಸವಿಯನ್ನು. ಅವರಿಗೆ ಪ್ರವೇಶ ಸಿಕ್ಕಿದ್ದು ಯಾವಾಗ? ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 1972ರಲ್ಲಿ. ಈ ಇಸವಿ ಸಿಕ್ಕಿದ ಕೂಡಲೇ ಕಥೆ ತಾನಾಗಿ ಒಂದು ಜಾಡು ಹಿಡಿಯುತ್ತದೆ: ಸಂಸ್ಥೆಯನ್ನು ಗುರುಗಳು ಕಟ್ಟಿದರು, ಬಹಳ ಕಾಲ ಗಂಡುಮಕ್ಕಳು ಓದಿದರು, ಕಾಲ ಬದಲಾದ ಮೇಲೆ ಹೆಣ್ಣುಮಕ್ಕಳೂ ಬಂದು ಸೇರಿದರು. ಈ ಜಾಡಿನಲ್ಲಿ ಹೆಣ್ಣು ಯಾವಾಗಲೂ ತಡವಾಗಿ ಬಂದವಳು, ಇನ್ನೊಬ್ಬರ ಮನೆಗೆ ಬಂದ ನೆಂಟಳು. ಈ ಕಥೆ ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ವಾಷಿಂಗ್ಟನ್ನಿನಲ್ಲಿ 1887ರಲ್ಲಿ ಶುರುವಾದ ಕಥೋಲಿಕ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದೆ ಹೋದಾಗ, ನಮ್ಯೂರಿನ ನೋಟರ್ ಡೇಮ್ ಸಭೆಯ ಧರ್ಮಭಗಿನಿಯರು ಅದರ ಹತ್ತಿರದಲ್ಲೇ 1897ರಲ್ಲಿ ಟ್ರಿನಿಟಿ ಎಂಬ ತಮ್ಮದೇ ಕಾಲೇಜನ್ನು ಸ್ಥಾಪಿಸಿದರು. ಬಾಗಿಲು ತೆರೆಯಲಿ ಎಂದು ಅವರು ಕಾಯುತ್ತ ಕೂರಲಿಲ್ಲ. ಕರ್ನಾಟಕದಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ನಮ್ಮಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಒಂದು ವೈದ್ಯಕೀಯ ಕಾಲೇಜಿನ ಯೋಚನೆಯೇ ಸನ್ಯಾಸಿನಿಯರಿಂದ ಹುಟ್ಟಿತು. ಆ ಯೋಚನೆಗೆ ಎಷ್ಟು ಕಸುವಿತ್ತು ಎಂದು ಒರೆಗೆ ಹಚ್ಚಿ ನೋಡಲು ಹಳೆಯ ಕೋಲಾರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಾರದು.

ಮೊದಲು ಕರಾವಳಿಯನ್ನು ನೋಡೋಣ. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅದು ಗಂಡುಮಕ್ಕಳ ಕಾಲೇಜು. ಅದಕ್ಕೂ ಹತ್ತು ವರ್ಷ ಮುಂಚೆ, 1870ರಲ್ಲಿ, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆಗೆ ಕೈಹಾಕಿದ್ದರು. ಶಾಲೆ ಮುಗಿಸಿದ ಹುಡುಗಿ ಮುಂದೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಅವರೇ 1921ರಲ್ಲಿ ಸಂತ ಆಗ್ನೆಸ್ ಕಾಲೇಜಿನ ಮೂಲಕ ಉತ್ತರ ಕೊಟ್ಟರು. ಬೆಂಗಳೂರಿನಲ್ಲಿಯೂ ಅದೇ ಕ್ರಮ. ಪ್ಯಾರಿಸಿನ ವಿದೇಶಿ ಮಿಷನ್ ಸಂಘದ ಗುರುಗಳು 1882ರಲ್ಲಿ ಕಟ್ಟಿದ ಸಂತ ಜೋಸೆಫರ ಕಾಲೇಜು 1937ರಲ್ಲಿ ಯೇಸುಸಭೆಯ ಕೈಗೆ ಬಂತು. ಬಹುಕಾಲ ಗಂಡುಮಕ್ಕಳ ಕಾಲೇಜಾಗಿದ್ದ ಅದು ಈಗ ವಿಶ್ವವಿದ್ಯಾಲಯವಾಗಿದ್ದು, ಅಲ್ಲಿ ಹುಡುಗಿಯರೂ ಓದುತ್ತಿದ್ದಾರೆ. ಆದರೆ ಬೆಂಗಳೂರಿನ ಕಥೋಲಿಕ ಕಾಲೇಜಿನಲ್ಲಿ ಹೆಣ್ಣು ಕಾಲಿಟ್ಟದ್ದು ಆ ಬಾಗಿಲಿನಿಂದಲ್ಲ. ಕಾರ್ಮೆಲ್ ಭಗಿನಿಯರು 1944ರಲ್ಲಿ ತ್ರಿಶೂರಿನಲ್ಲಿ ಶುರುಮಾಡಿದ ಕಾಲೇಜನ್ನು 1948ರಲ್ಲಿ ಬೆಂಗಳೂರಿಗೆ ತಂದು ಮೌಂಟ್ ಕಾರ್ಮೆಲ್ ಎಂದು ನಡೆಸಿದರು. ತಾರ್ಬ್ಸ್‌ನ ಸಂತ ಜೋಸೆಫರ ಭಗಿನಿಯರು 1966ರಲ್ಲಿ ಜ್ಯೋತಿ ನಿವಾಸ್ ಕಟ್ಟಿದರು. ಪ್ರವೇಶದ ಇಸವಿಯನ್ನೇ ಚರಿತ್ರೆಯ ಆರಂಭವೆಂದು ಹಿಡಿದರೆ ಇಷ್ಟೂ ಕೆಲಸ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ವೈದ್ಯ ಶಿಕ್ಷಣದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಅಡ್ಡಿ ಸಮಾಜದ್ದು ಮಾತ್ರವಲ್ಲ, ಚರ್ಚಿನ ಕಾನೂನಿನದೂ ಆಗಿತ್ತು. ಸನ್ಯಾಸ ಸ್ವೀಕರಿಸಿದವರು ವೈದ್ಯ ವೃತ್ತಿ ಮಾಡಕೂಡದು, ಸನ್ಯಾಸಿನಿಯರು ಹೆರಿಗೆ ಮಾಡಿಸಲೇಕೂಡದು ಎಂಬ ಕಟ್ಟು ಶತಮಾನಗಳಿಂದ ನಡೆದು ಬಂದಿತ್ತು. ಭಾರತದಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಗಂಡಸು ಡಾಕ್ಟರ ಎದುರು ಕೂರಲು ಒಪ್ಪದೆ ಹೆಂಗಸರು ಮನೆಯಲ್ಲೇ ಸಾಯುತ್ತಿದ್ದ ಕಾಲ ಅದು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಇದನ್ನು ಅರ್ಥಮಾಡಿಕೊಂಡವರು. ಅವರ ಪ್ರಯತ್ನದಿಂದ 1909ರಲ್ಲಿ ರಾವಲ್ಪಿಂಡಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆ ಎದ್ದಿತು. ಅವರ ಬಗ್ಗೆ ಬಂದ ಒಂದು ಚಿಕ್ಕ ಪುಸ್ತಿಕೆ 1915ರಲ್ಲಿ ಮೆಲ್ಬರ್ನಿನ ಯುವ ವೈದ್ಯೆ ಮೇರಿ ಗ್ಲೌರಿಯ ಕೈಗೆ ಬಿತ್ತು. ಗ್ಲೌರಿ ಹುಟ್ಟಿದ್ದು 1887ರಲ್ಲಿ. 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ, 1919ರಲ್ಲಿ ಸ್ತ್ರೀರೋಗ, ಪ್ರಸೂತಿ ಮತ್ತು ಕಣ್ಣಿನ ವೈದ್ಯದಲ್ಲಿ ಎಂ.ಡಿ. ಆ ಪುಸ್ತಿಕೆ ಓದಿದ ಐದು ವರ್ಷಕ್ಕೆ, 1920ರಲ್ಲಿ, ಅವರು ಗುಂಟೂರಿಗೆ ಬಂದಿಳಿದು ಯೇಸು ಮರಿಯ ಜೋಸೆಫ್ ಸಭೆಗೆ ಸೇರಿದರು. ಸನ್ಯಾಸಿನಿಯಾದ ಮೇಲೂ ವೈದ್ಯ ಮಾಡಲು ಹದಿನೈದನೆಯ ಬೆನೆಡಿಕ್ಟ್ ಪೋಪರಿಂದ ವಿಶೇಷ ಅನುಮತಿ ಬರಬೇಕಾಯಿತು. ಸಾಮಾನ್ಯ ಅನುಮತಿ ಎಲ್ಲ ಸಭೆಗಳಿಗೂ ಸಿಕ್ಕಿದ್ದು 1936ರಲ್ಲಿ, ರೋಮಿನ ಆದೇಶ ಹೊರಟ ಮೇಲೆ. ಅದಕ್ಕೂ ಹದಿನಾರು ವರ್ಷ ಮುಂಚೆಯೇ ಗುಂಟೂರಿನಲ್ಲಿ ಒಬ್ಬ ಸನ್ಯಾಸಿನಿ ತೆಲುಗು ಮಾತಾಡುವ ಬಡ ಹೆಂಗಸರ ನಾಡಿ ಹಿಡಿಯುತ್ತಿದ್ದರು. ಕಾನೂನು ಬದಲಾದದ್ದರಿಂದ ಈ ಕೆಲಸ ಹುಟ್ಟಲಿಲ್ಲ. ಇಂಥವರ ಕೆಲಸ ಕಣ್ಣೆದುರು ನಡೆಯುತ್ತಿದ್ದುದರಿಂದಲೇ ಕಾನೂನು ಬದಲಾಗುವ ಒತ್ತಡವೂ ಬೆಳೆಯಿತು.

ಗ್ಲೌರಿ ಒಂಟಿಯಾಗಿ ದುಡಿದು ಸಂತಳಂತೆ ಬಾಳಿದವಳು ಎಂದು ಹೇಳಿ ಮುಗಿಸುವುದು ಸುಲಭ. ಅವರ ನಿಜವಾದ ಹೆಚ್ಚುಗಾರಿಕೆ ಇರುವುದು ಸಂಘಟನೆಯಲ್ಲಿ. 1943ರಲ್ಲಿ ಹದಿನಾರು ಮಂದಿ ಭಗಿನಿಯರು ಅವರ ನೇತೃತ್ವದಲ್ಲಿ ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿದರು. ಈ ದಿನ ಮೂರು ಸಾವಿರಕ್ಕೂ ಹೆಚ್ಚು ಆಸ್ಪತ್ರೆ, ಚಿಕಿತ್ಸಾಲಯಗಳು ಅದರ ಸದಸ್ಯತ್ವ ಪಡೆದಿವೆ. ಆ ಸಂಘದ ದೊಡ್ಡ ಆಸೆಗಳಲ್ಲಿ ಒಂದು, ನಮ್ಮದೇ ಒಂದು ವೈದ್ಯಕೀಯ ಕಾಲೇಜು ಬೇಕು, ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಿಗೆ ಅಲ್ಲಿಂದ ಡಾಕ್ಟರುಗಳು ಬರಬೇಕು ಎಂಬುದು. ಗ್ಲೌರಿ ಅದನ್ನು ನೋಡಲಿಲ್ಲ. 1957ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆರು ವರ್ಷದ ನಂತರ, 1963ರಲ್ಲಿ, ಅದೇ ಊರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ವೈದ್ಯೆಯರಾಗಲು ಬರುವ ಧರ್ಮಭಗಿನಿಯರಿಗೆ ಓದಿನ ಅವಕಾಶ ಮಾಡಿಕೊಡುವುದು ಅದರ ಮೂಲ ಉದ್ದೇಶಗಳಲ್ಲೇ ಇತ್ತು. ಪಕ್ಕದ ವೆಲ್ಲೂರಿನ ಉದಾಹರಣೆಯನ್ನೂ ಇಲ್ಲಿ ನೆನೆಯಬೇಕು, ಮುಳಬಾಗಿಲಿನ ಕಡೆಯವರಿಗೆ ಅದು ಹೊಸ ಹೆಸರಲ್ಲ. ಐಡಾ ಸ್ಕಡರ್ 1918ರಲ್ಲಿ ಅಲ್ಲಿ ತೆರೆದ ವೈದ್ಯ ಶಾಲೆ ಹೆಂಗಸರಿಗಾಗಿಯೇ ಇದ್ದದ್ದು. ಗಂಡಸರಿಗೆ ಪ್ರವೇಶ ಸಿಕ್ಕಿದ್ದು 1947ರಲ್ಲಿ. ದಕ್ಷಿಣ ಭಾರತದ ಕ್ರೈಸ್ತ ವೈದ್ಯ ಶಿಕ್ಷಣದಲ್ಲಿ ತಡವಾಗಿ ಒಳಗೆ ಬಂದವರು ಯಾರು ಎಂದು ಕೇಳಿದರೆ, ವೆಲ್ಲೂರಿನ ಮಟ್ಟಿಗಂತೂ ಉತ್ತರ ಗಂಡಸರು ಎಂದೇ.

ಈಗ ಕೋಲಾರಕ್ಕೆ ಬರೋಣ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನೆಚ್ಚಿದ ಸೀಮೆ ಇದು. ಮಾಲೂರಿನ ಕಡೆ ತಮಿಳಿನ ಸೋಂಕು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಮಾತು ತೆಲುಗು, ವ್ಯವಹಾರಕ್ಕೆ ಕನ್ನಡ. ಓದಿಗಾಗಿ ಊರು ಬಿಟ್ಟು ಹೋಗುವುದು ಇಲ್ಲಿಯವರಿಗೆ ಹಳೆಯ ರೂಢಿ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮದರಾಸಿಗೆ ಹೋಗಿ 1914ರಲ್ಲಿ ಎಂ.ಎ. ಪಡೆದರು, ಆಗ ಇದೇ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಅದಕ್ಕೂ ಮುಂಚೆಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಆ ತಲೆಮಾರಿನ ಹೆಣ್ಣುಮಕ್ಕಳ ಹೆಸರು ಇಂಥ ಪಟ್ಟಿಯಲ್ಲಿ ಬರುವುದಿಲ್ಲ. ಅವರ ಪಾಲಿಗೆ ಬಂದ ಆಧುನಿಕ ವಿದ್ಯೆ, ವೈದ್ಯಗಳ ಮೊದಲ ಎಳೆ ಸಿಗುವುದು ಪ್ರಾಟೆಸ್ಟೆಂಟ್ ಹೆಂಗಸರ ಕೆಲಸದಲ್ಲಿ. 1876-78ರ ಮಹಾ ಕ್ಷಾಮದಲ್ಲಿ ದಿಕ್ಕಿಲ್ಲದಾದ ಮಕ್ಕಳನ್ನು ಸಾಕಿದ ಮಿಸ್ ಆನ್ಸ್ಟಿ ಕೋಲಾರದಲ್ಲಿ ಒಂದು ಮಿಷನ್ ಕಟ್ಟಿದರು. 1890ರಲ್ಲಿ ಅದು ಅಮೆರಿಕದ ಮೆಥಡಿಸ್ಟರ ಕೈಸೇರಿತು. 1910ರಲ್ಲಿ ಅವರ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಕೋಲಾರದಲ್ಲಿ ಆರಂಭವಾಯಿತು. ಗಮನಿಸಬೇಕಾದ ಸಂಗತಿ ಇದು: ಮೆಥಡಿಸ್ಟ್ ವೈದ್ಯೆಗೆ ಯಾವ ಪೋಪರ ಅನುಮತಿಯೂ ಬೇಕಿರಲಿಲ್ಲ. ಕಥೋಲಿಕ ಸನ್ಯಾಸಿನಿಗೆ ಬೇಕಿತ್ತು. ಈ ಸೀಮೆಯಲ್ಲಿ ಕಥೋಲಿಕ ವೈದ್ಯ ಶಿಕ್ಷಣದ ನೆರಳು ಅರವತ್ತು ವರ್ಷ ತಡವಾಗಿ ಬಿದ್ದದ್ದಕ್ಕೆ ಭಗಿನಿಯರ ಉತ್ಸಾಹ ಸಾಲದೆ ಹೋದದ್ದು ಕಾರಣವಲ್ಲ. ಅವರ ಕೈ ಕಟ್ಟಿದ್ದವರು ಯಾರು ಎಂಬುದನ್ನು ಆ 1936 ಎಂಬ ಇಸವಿಯೇ ಹೇಳುತ್ತದೆ.

ಆ ನೆರಳು ಬಿದ್ದದ್ದು ಮಳ್ಳೂರಿನಲ್ಲಿ, 1973ರಲ್ಲಿ. ಮಾಲೂರು ಬೇರೆ, ಇದು ಬೇರೆ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಕೋಲಾರ ಜಿಲ್ಲೆಯದೇ. ರೇಷ್ಮೆ ಮತ್ತು ಹಾಲು ಆ ಊರಿನ ಜೀವನ. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘವೂ ಸೇಂಟ್ ಜಾನ್ಸ್ ಕಾಲೇಜೂ ಕೂಡಿ ಒಂದು ಆರೋಗ್ಯ ಯೋಜನೆ ಹಾಕಿಕೊಂಡವು. ಅದರ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ, ಸಂಜೆ ಡೇರಿಯ ಮುಂದೆ ಕ್ಯಾನು, ಚೊಂಬು ಹಿಡಿದು ಸಾಲು ನಿಲ್ಲುವ ಜನ ಹಾಲು ಅಳೆದು ಹಾಕುತ್ತಾರೆ. ಜಿಡ್ಡಿನ ಅಂಶ ನೋಡಿ ಬೆಲೆ ಕಟ್ಟಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬಟವಾಡೆಯ ದಿನ ಹಣ ಕೈಗೆ ಬರುತ್ತದೆ. ಆ ಲೆಕ್ಕದಲ್ಲಿ ಲೀಟರಿಗೆ ಕೆಲವೇ ಪೈಸೆ ಆರೋಗ್ಯಕ್ಕೆಂದು ಎತ್ತಿಟ್ಟರೆ ಊರಿಗೆ ವೈದ್ಯ ಸೇವೆ ಬರುತ್ತದೆ. ದಾನವಲ್ಲ, ಸರ್ಕಾರದ ಅನುದಾನವನ್ನೇ ನೆಚ್ಚಿದ್ದೂ ಅಲ್ಲ. ಹಾಲು ಹಾಕುವವರೇ ತಮ್ಮ ಚಿಕಿತ್ಸೆಗೆ ಹಣ ಹೊಂದಿಸಿಕೊಳ್ಳುವ ವ್ಯವಸ್ಥೆ. ಆರೋಗ್ಯ ವಿಮೆ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುವುದಕ್ಕೆ ಎಷ್ಟೋ ಮುಂಚಿನ ಮಾತು ಇದು. ಬೆಂಗಳೂರಿನ ವಾರ್ಡುಗಳಲ್ಲಿ ಕಲಿತ ಹುಡುಗ ಹುಡುಗಿಯರಿಗೆ ಇಂಥ ಊರುಗಳು ಎರಡನೆಯ ಪಾಠಶಾಲೆಯಾದವು. ರಾಗಿ ಮುದ್ದೆ ತಿನ್ನುವ ಮನೆಯಲ್ಲಿ ರಕ್ತಹೀನತೆ ಏಕೆ, ಬಾಣಂತಿಗೆ ನೀರು ಕುಡಿಯಲು ಬಿಡದ ರೂಢಿ ಏನು ಮಾಡುತ್ತದೆ, ಸೂಲಗಿತ್ತಿಯನ್ನು ದೂರವಿಡದೆ ಜೊತೆಗೆ ಕರೆದುಕೊಳ್ಳುವುದು ಹೇಗೆ, ಇವೆಲ್ಲ ಕಲಿಯುವುದು ಊರಿನ ಜಗಲಿಯಲ್ಲೇ. ಇಲ್ಲಿ ಹೆಣ್ಣು ಡಾಕ್ಟರೆಂದರೆ ಇನ್ನೊಬ್ಬ ಡಾಕ್ಟರು ಎಂದಷ್ಟೇ ಅರ್ಥವಲ್ಲ. ಒಳಮನೆಯ ಬಾಗಿಲು ದಾಟಿ ಹೋಗಬಲ್ಲವಳು ಅವಳೊಬ್ಬಳೇ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಸೇಂಟ್ ಜಾನ್ಸ್ ಕಾಲೇಜನ್ನು ಸ್ಥಾಪಿಸಿದ್ದು ಧರ್ಮಾಧ್ಯಕ್ಷರ ಮಂಡಳಿ, ಅದರಲ್ಲಿ ಹೆಂಗಸರೇ ಇಲ್ಲ. ಸಂಸ್ಥೆಯ ಆಡಳಿತದ ಮೇಲಿನ ಸ್ಥಾನದಲ್ಲಿ ಗುರುಗಳೇ ಕೂತರು. ಹಾಗಿರುವಾಗ ಇದನ್ನು ಹೆಂಗಸರು ಕಟ್ಟಿದ ಸಂಸ್ಥೆ ಎನ್ನುವುದು ಹೇಗೆ? ಈ ಆಕ್ಷೇಪದಲ್ಲಿರುವ ಸಂಗತಿಗಳನ್ನೆಲ್ಲ ಒಪ್ಪುತ್ತೇನೆ. ಅದರಿಂದ ಎಳೆಯುವ ತೀರ್ಮಾನವನ್ನು ಒಪ್ಪುವುದಿಲ್ಲ. ಕೋಲಾರದ ಯಾವ ಹಳ್ಳಿಯ ಡೇರಿಯಲ್ಲಾದರೂ ಹಳೆಯ ಪಾಸ್‌ಬುಕ್ಕುಗಳನ್ನು ತೆರೆದು ನೋಡಿದರೆ ಸದಸ್ಯನ ಹೆಸರು ಹೆಚ್ಚಾಗಿ ಗಂಡಸಿನದೇ. ಹುಲ್ಲು ಕೊಯ್ದವಳು, ಕೊಟ್ಟಿಗೆ ಗುಡಿಸಿದವಳು, ನಸುಕಿನಲ್ಲಿ ಎದ್ದು ಕರೆದವಳು ಹೆಂಡತಿ. ಪುಸ್ತಕದಲ್ಲಿರುವ ಹೆಸರನ್ನು ನೋಡಿ ಹಸು ಸಾಕಿದವನು ಗಂಡಸು ಎಂದು ಬರೆದರೆ ಅದು ದಾಖಲೆಗೆ ನಿಷ್ಠವಾದ ಸುಳ್ಳು. ಸಂಸ್ಥೆಗಳ ಚರಿತ್ರೆಯನ್ನೂ ಬರೀ ನೋಂದಣಿ ಪತ್ರ, ಶಿಲಾಫಲಕಗಳಿಂದ ಬರೆದರೆ ಆಗುವುದು ಇದೇ. 1943ರ ಹದಿನಾರು ಭಗಿನಿಯರಿಗೆ ಕಾಲೇಜು ಕಟ್ಟುವ ಹಣವಾಗಲಿ ಅಧಿಕಾರವಾಗಲಿ ಇರಲಿಲ್ಲ. ಅದಕ್ಕಾಗಿಯೇ ಅವರು ಸಂಘ ಕಟ್ಟಿ ಬೇಡಿಕೆಯನ್ನು ಜೀವಂತವಾಗಿಟ್ಟರು. ಅಧಿಕಾರ ಇದ್ದವರು ಇಪ್ಪತ್ತು ವರ್ಷದ ನಂತರ ಅದನ್ನು ನೆರವೇರಿಸಿದರು. ಇಬ್ಬರಿಗೂ ಪಾಲಿದೆ. ಆದರೆ ಬೇಡಿಕೆ ಇಟ್ಟವರ ಹೆಸರನ್ನು ಮುನ್ನುಡಿಯ ಒಂದು ಸಾಲಿಗೆ ಸೇರಿಸಿ, ನೆರವೇರಿಸಿದವರಿಂದಲೇ ಮೊದಲ ಅಧ್ಯಾಯ ಶುರುಮಾಡುವ ಪರಿಪಾಠ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಈ ಕಾಲೇಜುಗಳು ಪೇಟೆಯವು, ಇಂಗ್ಲಿಷಿನವು, ಉಳ್ಳವರವು. ಶ್ರೀನಿವಾಸಪುರದ ಮಾವಿನ ತೋಪಿನ ಕೂಲಿಯವಳ ಮಗಳಿಗೆ ಅವುಗಳಿಂದ ಏನಾಯಿತು? ನೇರವಾಗಿ ನೋಡಿದರೆ ಬಹಳ ಕಡಿಮೆ. ಈ ಸೀಮೆಯ ಹುಡುಗಿಯರನ್ನು ಪದವಿಯವರೆಗೆ ತಂದದ್ದು ಸರ್ಕಾರ. ಕೋಲಾರದ ಸರ್ಕಾರಿ ಮಹಿಳಾ ಕಾಲೇಜು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪ್ರಥಮ ದರ್ಜೆ ಕಾಲೇಜುಗಳು ಮಾಡಿದ ಕೆಲಸದ ಮುಂದೆ ಯಾವ ಖಾಸಗಿ ಸಂಸ್ಥೆಯ ಕೆಲಸವೂ ದೊಡ್ಡದಲ್ಲ. 2011ರ ಜನಗಣತಿಯ ಹೊತ್ತಿಗೆ ಜಿಲ್ಲೆಯ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಕ್ಷರಸ್ಥರಾಗಿದ್ದರೆ ಅದರ ಮೊದಲ ಗೌರವ ಸರ್ಕಾರಿ ಶಾಲೆಯ ಮೇಷ್ಟ್ರಿಗೆ, ಮೇಡಮ್ಮನಿಗೆ ಸಲ್ಲಬೇಕು. 2017ರಿಂದ ಈ ಕಾಲೇಜುಗಳೆಲ್ಲ ಕೋಲಾರವನ್ನೇ ಕೇಂದ್ರವಾಗಿಸಿಕೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೆಳಗೆ ಬಂದಿವೆ. ಪದವಿ, ಪರೀಕ್ಷೆಗಳಿಗೆ ಬೆಂಗಳೂರಿನತ್ತ ಮುಖ ಮಾಡುವುದು ತಪ್ಪಿದೆ. ಇಷ್ಟನ್ನೂ ಒಪ್ಪಿದ ಮೇಲೆ ಒಂದು ಮಾತು ಉಳಿಯುತ್ತದೆ. ವೈದ್ಯ ಕಾಲೇಜಿನ ಫಲವನ್ನು ಅಲ್ಲಿ ಓದಿದವರ ತಲೆ ಎಣಿಸಿ ಅಳೆಯಲಾಗುವುದಿಲ್ಲ. ಅಲ್ಲಿಂದ ಹೊರಬಿದ್ದವರು ಎಲ್ಲಿಗೆ ಹೋದರು ಎಂದು ನೋಡಬೇಕು. ಪದವಿ ಮುಗಿಸಿದವರು ಡಾಕ್ಟರಿಲ್ಲದ ಹಳ್ಳಿಗಾಡಿನಲ್ಲಿ ಕೆಲಕಾಲ ದುಡಿಯಲೇಬೇಕು ಎಂಬ ಕರಾರನ್ನು ಸೇಂಟ್ ಜಾನ್ಸ್ ತನ್ನ ವಿದ್ಯಾರ್ಥಿಗಳ ಮೇಲೆ ಹಾಕಿತು. ಅದೇ ಕಾಲೇಜಿನಲ್ಲಿ ಓದಿದ ಡಾ. ತೆಲ್ಮಾ ನಾರಾಯಣ್ ಮತ್ತು ಅವರ ಪತಿ ಡಾ. ರವಿ ನಾರಾಯಣ್ 1984ರಲ್ಲಿ ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವೊಂದನ್ನು ಕಟ್ಟಿದರು. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕರ್ನಾಟಕ ಆರೋಗ್ಯ ಕಾರ್ಯಪಡೆಯಲ್ಲಿ ತೆಲ್ಮಾ ಸದಸ್ಯೆಯಾಗಿದ್ದರು. 2001ರಲ್ಲಿ ವರದಿ ಕೊಟ್ಟ ಆ ಕಾರ್ಯಪಡೆ ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕೊರತೆಯನ್ನೆಲ್ಲ ಎತ್ತಿ ಆಡಿತು. ಸರ್ಕಾರಿ ಕೆಲಸ ಒಂದು ಕಡೆ, ಖಾಸಗಿ ಕಾಲೇಜಿನ ಕೆಲಸ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ಹಾಗಾಗಿ ಕಷ್ಟ.

ಚರ್ಚಿನ ನಿಲುವಿನ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲಾಗದು. ಕಥೋಲಿಕ ತತ್ವಗಳಿಗೆ ಒಪ್ಪುವ ವೈದ್ಯ ಶಿಕ್ಷಣ ಕೊಡಬೇಕು ಎಂಬುದೂ ಗ್ಲೌರಿಯವರ ಸಂಘದ ಉದ್ದೇಶವಾಗಿತ್ತು. 1968ರಲ್ಲಿ ಆರನೆಯ ಪೌಲ್ ಪೋಪರು ಕೃತಕ ಗರ್ಭನಿರೋಧವನ್ನು ಸ್ಪಷ್ಟವಾಗಿ ನಿರಾಕರಿಸಿದ ಮೇಲೆ ಕಥೋಲಿಕ ಆಸ್ಪತ್ರೆಗಳ ಕೈ ಈ ವಿಷಯದಲ್ಲಿ ಇನ್ನೂ ಕಟ್ಟಿಹೋಯಿತು. ನಾಲ್ಕು, ಐದು ಹೆರಿಗೆಯಾಗಿ ಸೊರಗಿದ ಹೆಂಗಸಿಗೆ ಸಾಕು ಎನ್ನುವ ಹಕ್ಕಿದೆ ಎಂದು ನಂಬುವ ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಆ ಸೇವೆಗಾಗಿ ಅವಳು ಸರ್ಕಾರಿ ಆಸ್ಪತ್ರೆಗೇ ಹೋಗಬೇಕಾಯಿತು. ಆದರೆ ಈ ಕೊರತೆಯೂ ನನ್ನ ವಾದದ ಒಳಗೇ ಬರುತ್ತದೆ. ಹೆರಿಗೆ ಮಾಡಿಸುವುದನ್ನೇ ಸನ್ಯಾಸಿನಿಗೆ ನಿಷೇಧಿಸಿದ್ದ ಕಾನೂನು 1936ರಲ್ಲಿ ಬಿದ್ದದ್ದು ಹೆಂಗಸರ ಅನುಭವ ರೋಮಿನವರೆಗೆ ತಲುಪಿದ್ದರಿಂದ. ಹೆಂಗಸರ ದೇಹದ ಬಗ್ಗೆ ಉಳಿದ ನಿಯಮಗಳನ್ನು ಮಾಡಿದ ಕೋಣೆಗಳಲ್ಲಿ ಆ ಅನುಭವಕ್ಕೆ ಜಾಗವಿರಲಿಲ್ಲ. ಸಂಸ್ಥೆ ಕಟ್ಟಿದವರಿಗೂ ಸಂಸ್ಥೆಯ ನಿಯಮ ಮಾಡಿದವರಿಗೂ ನಡುವೆ ಇದ್ದ ಈ ದೂರವೇ ಅದರ ಒಳ್ಳೆಯದಕ್ಕೂ ಮಿತಿಗೂ ವಿವರಣೆ ಕೊಡುತ್ತದೆ.

ಕೊನೆಗೆ, ಸನ್ಯಾಸಿನಿಯರು ಸಾಮಾನ್ಯ ಹೆಂಗಸರಲ್ಲ, ಮದುವೆ ಮಕ್ಕಳ ಹೊರೆಯಿಲ್ಲದವರು, ಅವರ ಚರಿತ್ರೆಯನ್ನು ಹೆಣ್ಣುಮಕ್ಕಳ ಚರಿತ್ರೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಕೇರಳದ, ಮಂಗಳೂರಿನ, ತಮಿಳುನಾಡಿನ ಸಾಧಾರಣ ರೈತ ಮನೆಗಳಿಂದ ಬಂದ ಹುಡುಗಿಯರೇ ಇವರಲ್ಲಿ ಬಹುಪಾಲು. ವೈದ್ಯ ಓದಬೇಕೆಂಬ ಆಸೆ ಇದ್ದ ಅಂಥ ಹುಡುಗಿಗೆ ಆ ಕಾಲದಲ್ಲಿ ಮನೆಯವರು ಅಷ್ಟು ವರ್ಷ, ಅಷ್ಟು ಹಣ ಕೊಡುವುದು ಅಪರೂಪ, ಸಭೆ ಕೊಟ್ಟಿತು. ಅದಕ್ಕೆ ತೆತ್ತ ಬೆಲೆಯೂ ಇತ್ತು: ವಿಧೇಯತೆಯ ಪ್ರತಿಜ್ಞೆ, ಕಳಿಸಿದ ಊರಿಗೆ ಹೋಗುವ ಬದುಕು, ಗೊತ್ತಿಲ್ಲದ ಭಾಷೆಯನ್ನು ರೋಗಿಗಳ ಬಾಯಿಂದಲೇ ಕಲಿಯುವ ಪಾಡು. ಇವರು ತಮ್ಮ ಅನುಭವವನ್ನು ಹಂಚಿಕೊಳ್ಳಲು 1993ರಲ್ಲಿ ಸಿಸ್ಟರ್ ಡಾಕ್ಟರುಗಳ ವೇದಿಕೆಯೊಂದನ್ನು ತಾವೇ ಕಟ್ಟಿಕೊಂಡರು. ಅತ್ತ ಡೇರಿಗಳಲ್ಲೂ ಪುಸ್ತಕದ ಹೆಸರು ನಿಧಾನವಾಗಿ ಬದಲಾಗಿದೆ. 1980ರ ದಶಕದ ಕೊನೆಯಿಂದ ಕರ್ನಾಟಕದಲ್ಲಿ ಹೆಂಗಸರೇ ಸದಸ್ಯರಾಗಿ, ಹೆಂಗಸರೇ ಅಧ್ಯಕ್ಷೆ, ಕಾರ್ಯದರ್ಶಿಯರಾಗಿ ನಡೆಸುವ ಹಾಲು ಸಂಘಗಳು ಹುಟ್ಟಿದವು. ಕೋಲಾರದ ಹಳ್ಳಿಗಳಲ್ಲೂ ಅವು ಇವೆ, ಬಟವಾಡೆಯ ಹಣ ಈಗ ಅಲ್ಲಿ ಹಾಲು ಕರೆದವಳ ಹೆಸರಿಗೇ ಬರುತ್ತದೆ. ಹಳ್ಳಿಯ ಹಾಲಿನ ಸಂಘಕ್ಕೆ ಸಾಧ್ಯವಾದದ್ದು ಕಥೋಲಿಕ ವಿಶ್ವವಿದ್ಯಾಲಯ, ವೈದ್ಯ ಕಾಲೇಜುಗಳ ಆಡಳಿತ ಮಂಡಳಿಗಳಿಗೆ ಸಾಧ್ಯವಾಗದು ಎನ್ನಲು ಯಾವ ಕಾರಣವೂ ನನಗೆ ಕಾಣುವುದಿಲ್ಲ. ಸೇಂಟ್ ಜಾನ್ಸ್‌ನ ಚರಿತ್ರೆಯನ್ನು ಮತ್ತೆ ಬರೆಯುವವರು ಮೊದಲ ಅಧ್ಯಾಯವನ್ನು 1963ರ ಬೆಂಗಳೂರಿನಿಂದ ಅಲ್ಲ, 1920ರ ಗುಂಟೂರಿನಿಂದ ಆರಂಭಿಸಬೇಕು. ಮಳ್ಳೂರಿಗೆ ಅದರಲ್ಲಿ ಒಂದು ಪೂರ್ತಿ ಅಧ್ಯಾಯ ಸಿಗಬೇಕು.